ಮೇಡಂ ಆಫ್

ರಾತ್ರಿ ಹನ್ನೆರಡೂವರೆಗೆ ಅಲ್ ಐನ್‌ನ ಖರ್ಜೂರದ ತೋಟದ ಗೋಡೆ ಬದಿಯಲ್ಲಿ ಒಬ್ಬಳೇ ನಡೆದು ಬಂದದ್ದು ನಾನಲ್ಲ. ನನ್ನ ದೊಡ್ಡಮ್ಮನ ಮಗಳು ಎವ್ಲಿನಕ್ಕ. ಮೊದಲೇ ಹೇಳಿಬಿಡ್ತೇನೆ, ಆಮೇಲೆ ಲಿಡ್ವಿನ್ ಬುರುಡೆ ಬಿಟ್ಟಳು ಅಂತ ಹೇಳುದು ಬೇಡ. ಪ್ರಾರ್ಥನಾ, ನೀನು ಮೈಸೂರಿನವಳು, ಇಡೀ ದಿನ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವವಳು, ದೆವ್ವ ಗಿವ್ವ ನಂಬುದಿಲ್ಲ ಅಂತ ಗೊತ್ತುಂಟು. ನಂಬಬೇಡ. ಬಾಯಿ ಮುಚ್ಚಿ ಕೇಳು, ಅಷ್ಟು ಸಾಕು.

ಆ ದಾರಿಯಲ್ಲಿ ಒಂದು ಗಾಫ್ ಮರ ಉಂಟು. ನಮ್ಮ ಬನ್ನಿ ಮರದ್ದೇ ಜಾತಿ. ಅದರ ಬುಡದಲ್ಲಿ ಹಳೇ ಬಾವಿ, ಮೇಲೆ ಕಬ್ಬಿಣದ ಬಲೆ, ಬಲೆಗೆ ಬೀಗ. ಎವ್ಲಿನಕ್ಕ ಅಲ್ಲಿಗೆ ಬರುವಾಗ ಗಾಳಿ ಇಲ್ಲ. ಅವಳ ಚಪ್ಪಲಿಯದ್ದೇ ಚಪ್ ಚಪ್. ದೂರದಲ್ಲಿ ಯಾವುದೋ ಎಸಿ ಗುರ್ ಅಂತ... ನಿಂತಿತು. ಆಗ ಹಿಂದಿನಿಂದ ಕೇಳಿದ್ದು.

ಟಕ್... ಸರ್ರ್. ಟಕ್... ಸರ್ರ್.

ಒಂದು ಕಾಲು ಗಟ್ಟಿ ಊರುದು, ಇನ್ನೊಂದು ಎಳೆಯುದು. ಹಾಗೆ ನಡೆಯುವವರು ಅಲ್ಲಿಯ ಸಿನಿಮಾ ಶೂಟಿಂಗಿನಲ್ಲಿ ಒಬ್ಬರೇ. ಅಮೆರಿಕದ ನಟಿ ಮೇಡಂ, ಲೊರೇನ್ ಹ್ಯಾಸ್ಕೆಲ್. ಎಡದ ಮಂಡಿ ಆಪರೇಷನ್ ಆಗಿತ್ತು ಅವರಿಗೆ.

ಎವ್ಲಿನಕ್ಕನಿಗೆ ಹೆದರಿಕೆ ಆಗ್ಲೇ ಇಲ್ಲ. ಯಾಕೆ ಆಗ್ಲಿಲ್ಲ ಅಂತ ಗೊತ್ತಾಗ್ಬೇಕಾದ್ರೆ ಸ್ವಲ್ಪ ಹಿಂದೆ ಹೋಗ್ಬೇಕು.

ಎವ್ಲಿನಕ್ಕ ಕಿನ್ನಿಗೋಳಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದವಳು. ಗಂಡ ತೀರಿಹೋದ ಮೇಲೆ ಇಲ್ಲಿ ಗಲ್ಫಿಗೆ ಬಂದು ಒಂದು ಸಿನಿಮಾ ಕಂಪನಿಯಲ್ಲಿ ತಲೆಕೂದಲಿನ ಕೆಲಸಕ್ಕೆ ಸೇರಿದಳು. ನಾಲ್ಕು ವರ್ಷ ಆಗಿತ್ತು. ಈ ಮೇಡಂ ಬಂದಾಗ ಅವರ ತಲೆ ಎವ್ಲಿನಕ್ಕನ ಕೈಗೆ ಬಂತು. ಎಪ್ಪತ್ತೆಂಟು ವರ್ಷದ ಹೆಂಗಸು, ಕೂದಲು ಹತ್ತಿಯ ಹಾಗೆ ಬಿಳಿ. ಕಪ್ಪು ಮಾಡುವ ಅಂತ ಬಾಟ್ಲಿ ತೆಗೆದದ್ದಕ್ಕೆ ಮೇಡಂ ಅದನ್ನು ತೆಗೊಂಡು ಕಸದ ಬುಟ್ಟಿಗೆ ಹಾಕಿದ್ರಂತೆ. ಬೈಯ್ಲಿಲ್ಲ, ನಗ್ಲೂ ಇಲ್ಲ. ಹಾಕಿದ್ದು, ಕೂತದ್ದು.

ನಲ್ವತ್ತು ದಿನ ಬಾಚಿದ್ದು. ಬಾಚುವಾಗ ಮೇಡಂ ಕತೆ ಹೇಳ್ತಿದ್ರು. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ನಿಜವಾದ ಹೆಸರು ವಾಂಡಾ ಪೊಲಾಸ್ಕಿ. ಹತ್ತೊಂಬತ್ತು ವರ್ಷಕ್ಕೆ ಹೋಟೆಲಿನಲ್ಲಿ ಪ್ಲೇಟ್ ಎತ್ತುತ್ತಿದ್ದವಳನ್ನು ಸಿನಿಮಾದವರು ಕರ್ಕೊಂಡು ಹೋದ್ರು. ಹೆಸರು ಬದಲು ಮಾಡಿದ್ರು, ಕೆನ್ನೆ ಒಳಗೆ ಹೋಗ್ಬೇಕು ಅಂತ ಹಿಂದಿನ ಎರಡು ಹಲ್ಲು ಕೀಳಿಸಿದ್ರು. ಮೂವತ್ತೊಂದು ಸಿನಿಮಾ. ದೊಡ್ಡ ಬಹುಮಾನ. ಊರೂರಲ್ಲಿ ಪೋಸ್ಟರ್. ನಲ್ವತ್ತಮೂರು ಆದಾಗ ಒಬ್ಬ ಬಂದು, ಇನ್ನು ನೀವು ಹೀರೋನ ಅಮ್ಮ ಆಗಿ ಅಂದ. ಹೀರೋ ಅವರಿಗಿಂತ ಎರಡೇ ವರ್ಷ ಚಿಕ್ಕವ, ಕೇಳು! ಇವರು ಆಗುದಿಲ್ಲ ಅಂದ್ರು. ಹನ್ನೊಂದು ವರ್ಷ ಒಬ್ಬರೂ ಕರೀಲಿಲ್ಲ. ಇವರು ಊರಿಗೆ ಹೋಗಿ ಶಾಲೆಯ ಹಾಲಿನಲ್ಲಿ ಗಣಿಯವರ ಮಕ್ಕಳನ್ನು ಹಾಕ್ಕೊಂಡು ನಾಟಕ ಮಾಡಿಸಿದ್ರು. ಐವತ್ತೈದಕ್ಕೆ ವಾಪಸ್ ಬಂದ್ರು, ಬಿಳಿ ಕೂದಲಲ್ಲೇ. ಮತ್ತೊಂದು ಬಹುಮಾನ ತೆಗೊಂಡ್ರು. ನನಗಂತೂ ಆ ಹೆಂಗಸಿನ ಮೇಲೆ ನೋಡದೆಯೇ ಪ್ರೀತಿ ಬಂದುಬಿಟ್ಟಿದೆ, ಮಾರಾಯ್ತಿ.

ಇಲ್ಲಿಯ ಸಿನಿಮಾದಲ್ಲಿ ಅವರದ್ದು ಮುದುಕಿಯ ಪಾತ್ರ. ಐವತ್ತು ವರ್ಷದ ಹಿಂದೆ ಮರುಭೂಮಿಯಲ್ಲಿ ವಿಮಾನ ಬಿದ್ದು ಇಲ್ಲೇ ಉಳಿದವಳು. ಅವಳ ಪ್ರಾಯದ ಕಾಲವನ್ನು ಮೇಡಂ ಮುಖದಿಂದಲೇ ಕಂಪ್ಯೂಟರಿನಲ್ಲಿ ಮಾಡುದು ಅಂತ ಕಂಪನಿಯ ಲೆಕ್ಕಾಚಾರ. ಅದಕ್ಕೊಂದು ಕಾಗದ. ಮುಖ, ಸ್ವರ ಎರಡೂ ಕಂಪನಿಗೆ. ಈ ಸಿನಿಮಾಕ್ಕೆ ಮಾತ್ರ ಅಲ್ಲ, ಎಲ್ಲ ಸಿನಿಮಾಕ್ಕೂ, ಯಾವಾಗಲೂ, ಸತ್ತ ಮೇಲೂ. ಮೇಡಂ ಮೂರು ಸಲ ಅದನ್ನು ಸೈನ್ ಮಾಡದೆ ವಾಪಸ್ ಕಳಿಸಿದ್ರು.

ಕಂಪನಿಯ ಮ್ಯಾನೇಜರ್ ಕೆವಿನ್. ನಮ್ಮವನೇ, ಮಂಗಳೂರಿನವ, ಅದೇ ಬೇಜಾರು. ಎವ್ಲಿನಕ್ಕನ ಹತ್ರ ಬಂದು ನಯವಾಗಿ ಹೇಳಿದ, ಎವ್ಲಿನ್ ಬಾಯಿ, ಅವರು ನಿಮ್ಮ ಮಾತು ಮಾತ್ರ ಕೇಳುದು, ಬಾಚುವಾಗ ಮೆಲ್ಲ ಸೈನ್ ಮಾಡಿಸಿ. ಆಗದಿದ್ರೆ ಮೂವತ್ತನೇ ತಾರೀಕಿಗೆ ನಿಮ್ಮ ವೀಸಾ ಮುಗೀತದೆ, ರಿನ್ಯೂ ಮಾಡ್ಲಿಕ್ಕೆ ನನಗೂ ಕಷ್ಟ. ಆ ವೀಸಾದ ಮೇಲೆ ಊರಲ್ಲಿ ಇಬ್ಬರು ಹೆಣ್ಣುಮಕ್ಕಳ ಓದು ನಿಂತಿತ್ತು. ಅತ್ತ ದರಿ, ಇತ್ತ ಪುಲಿ. ಎವ್ಲಿನಕ್ಕ ಕಾಗದ ತೆಗೊಂಡಳು. ಮೇಡಂ ಹತ್ರ ಕೇಳ್ಲಿಕ್ಕೆ ನಾಚಿಕೆ ಆಗಿ ಡ್ರಾಯರಿನಲ್ಲಿ ಟವೆಲಿನ ಅಡಿಗೆ ಇಟ್ಟಳು. ಎಂಟು ದಿನ ಅಲ್ಲೇ ಇತ್ತು.

ಈಗ ಆ ದಿನದ್ದು ಕೇಳು. ಸಂಜೆ ಐದಕ್ಕೆ ಮೇಡಂನ ಡ್ರೈವರ್ ಚಂದು ಒಂದು ವಾಯ್ಸ್ ಮೆಸೇಜ್ ಕಳಿಸಿದ. ಕಾಪುವಿನ ಹುಡುಗ. "ಎವ್ಲಿನಕ್ಕಾ... ಮೇಡಂ ಆಫ್..." ಅಷ್ಟೇ. ಕಟ್ ಆಯ್ತು. ಅರ್ಧ ಗಂಟೆ ಬಿಟ್ಟು ಕಂಪನಿಯ ಗ್ರೂಪಿನಲ್ಲೂ ಬಂತು, ಮಿಸ್ ಹ್ಯಾಸ್ಕೆಲ್ ನಾಳೆ ಆಫ್, ಶೂಟಿಂಗ್ ಇಲ್ಲ.

ಸಿನಿಮಾದವರಿಗೆ ಆಫ್ ಅಂದ್ರೆ ರಜೆ. ದಿನಾ ಬರುವ ಚಾರ್ಟಿನಲ್ಲಿ ಹಾಗೇ ಬರೆಯುದು, ಇವರು ಆಫ್, ಅವರು ಆಫ್. ಆದ್ರೆ ನಮ್ಮ ಮಂಗಳೂರು ಉಡುಪಿ ಕಡೆ ಆಫ್ ಅಂದ್ರೆ ಎಂತ ಗೊತ್ತುಂಟಾ ಪ್ರಾರ್ಥನಾ? ಸತ್ತರು ಅಂತ. "ಅವರ ಅಪ್ಪ ಆಫ್ ಆದ್ರಂತೆ" ಅನ್ನುದು ನಾವು, ಫ್ಯಾನಿನ ಸ್ವಿಚ್ಚಿನ ಹಾಗೆ. ಚಂದು ಹೇಳಿದ್ದು ಊರಿನ ಆಫ್. ಮೇಡಂ ನಾಲ್ಕು ಗಂಟೆಗೆ ಅವನ ಕಾರಿನಲ್ಲೇ ಎದೆ ಹಿಡ್ಕೊಂಡು ಕೂತವರು ಆಸ್ಪತ್ರೆ ಮುಟ್ಟುವಾಗ ಇರ್ಲಿಲ್ಲ. ಅಷ್ಟು ಹೇಳುವಷ್ಟರಲ್ಲಿ ಕೆವಿನ್ ಅವನ ಫೋನ್ ಕಿತ್ತುಕೊಂಡಿದ್ದ. ಕಾಗದಕ್ಕೆ ಸೈನ್ ಆಗಿರ್ಲಿಲ್ಲ ಅಲ್ವಾ, ಸತ್ತ ಸುದ್ದಿ ಹೊರಗೆ ಹೋಗ್ಬಾರ್ದು.

ಎವ್ಲಿನಕ್ಕ ನಾಲ್ಕು ವರ್ಷ ಚಾರ್ಟ್ ಓದಿ ಓದಿ ಊರಿನ ಮಾತೇ ಮರ್ತಿದ್ದಳು. ರಜೆ ಅಂತ ಖುಷಿ ಅವಳಿಗೆ! ಪರಿಚಯದ ಖತೀಜಮ್ಮನ ಮನೆಗೆ ಹೋದಳು, ನೀರುದೋಸೆ ಕೋಳಿಸಾರು ತಿಂದಳು, ಪಟ್ಟಾಂಗ ಹೊಡೆದಳು. ಹಾಗೆ ತಡ ಆದದ್ದು. ಹಾಗೆ ಆ ಬಾವಿಯ ಹತ್ರ ಒಬ್ಬಳೇ ಆದದ್ದು.

ಟಕ್... ಸರ್ರ್.

ತಿರುಗಿ ನೋಡಿದಳು. ಮೇಡಂ. ಬೆಳಿಗ್ಗೆ ಹಾಕಿದ್ದ ಅದೇ ನೀಲಿ ಅಂಗಿ. ನಿದ್ದೆ ಬಾರದೆ ನಡೀಲಿಕ್ಕೆ ಬಂದದ್ದಾಗಿರ್ಬೇಕು ಅಂದುಕೊಂಡಳು. ಕೈ ಹಿಡಿಯುವ ಅಂತ ಹೋದ್ರೆ ಮೇಡಂ ಬೇಡ ಅಂತ ತಲೆ ಆಡಿಸಿದ್ರು. ಇಬ್ಬರೂ ಜೊತೆಯಲ್ಲೇ ನಡೆದ್ರು. ಕಂಪನಿ ಬಾಡಿಗೆಗೆ ಹಿಡಿದ ವಿಲ್ಲಾದ ಗೇಟಿನವರೆಗೆ ಬಂದ್ರು. ಎವ್ಲಿನಕ್ಕ ಮುಂದೆ ಹೋಗಿ ತನ್ನ ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಮೇಡಂ ಹಿಂದಿನಿಂದ ಬಂದು ಬಾಚುವ ಕುರ್ಚಿಯಲ್ಲಿ ಕೂತ್ರು, ದಿನಾ ಕೂತ ಹಾಗೆ. ಬಾಚು ಅಂತ ಕೈಸನ್ನೆ ಮಾಡಿದ್ರು.

ಕೂದಲಿಗೆ ಕೈ ಹಾಕಿದಳು. ತಣ್ಣಗೆ... ಫ್ರಿಜ್ಜಿನಿಂದ ಆಗ ತೆಗೆದ ಹಾಗೆ. ಸೆಂಟಿನ ವಾಸನೆ ಇಲ್ಲ, ಆಸ್ಪತ್ರೆಯ ಸ್ಪಿರಿಟ್ ವಾಸನೆ. ಎಸಿಯ ನೀರು ಹೊರಗೆ ಬಕೆಟಿಗೆ ಬೀಳ್ತಿತ್ತು, ಟಪ್... ಟಪ್. ಬಾಚಣಿಗೆ ಹೋಗುವ ಸ್ವರ ಮಾತ್ರ ಇಲ್ಲ. ಅವಳಿಗೆ ಎಂತದೋ ಸರಿ ಇಲ್ಲ ಅನ್ನಿಸಿತು, ಆದ್ರೆ ಕೈ ನಿಲ್ಲಿಸ್ಲಿಕ್ಕೆ ಧೈರ್ಯ ಬರ್ಲಿಲ್ಲ.

ಸುಮ್ಮನಿರ್ಲಿಕ್ಕಾಗದೆ ಮೆಲ್ಲ ಕೇಳಿದಳು, "ಮೇಡಂ, ನಿಮಗೆ ಆಫ್ ಅಲ್ವಾ?"

"ಆಫ್ ಅಂತ ಅವರು ಹೇಳ್ತಿದ್ದಾರೆ," ಅಂದ್ರಂತೆ ಮೇಡಂ. "ನಾನು ಒಪ್ಪಿಲ್ಲ."

ಇಂಗ್ಲಿಷಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಹೇಳ್ತಿದ್ದೇನೆ. ಆಮೇಲೆ ಮೇಡಂ ತಿರುಗದೆಯೇ, ಟವೆಲಿನ ಅಡಿಯಲ್ಲಿ ಒಂದು ಕಾಗದ ಉಂಟಲ್ಲ, ತಾ ಅಂದ್ರು.

ಆ ಡ್ರಾಯರಿನ ವಿಷಯ ಎವ್ಲಿನಕ್ಕನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅಳ್ತಾ ತಂದುಕೊಟ್ಟಳು. ವೀಸಾದ್ದು, ಮಕ್ಕಳದ್ದು, ಕೆವಿನ್‌ನದ್ದು ಎಲ್ಲ ಹೇಳಿದಳು. ಮೇಡಂ ಕೇಳಿದ್ರು. ಸೈನ್ ಮಾಡುವ ಜಾಗ ಮೂರು ಕಡೆ ಇತ್ತು. ಮೂರು ಕಡೆಯೂ ಪೆನ್ನು ಒತ್ತಿ, ಕಿರ್... ಕಿರ್... ಅಂತ, ದೊಡ್ಡಕ್ಷರದಲ್ಲಿ ನೋ ಅಂತ ಬರೆದ್ರು.

"ನಾಳೆ ನಿನ್ನ ಹತ್ರ ಕೇಳ್ತಾರೆ," ಅಂದ್ರು. "ನೀನು ಎಂತ ಹೇಳ್ತಿ?"

ಎವ್ಲಿನಕ್ಕ ನನ್ನ ಹತ್ರ ನಿಜ ಹೇಳಿದ್ದಾಳೆ, ಆಗ ತನಗೆ ಉತ್ತರ ಗೊತ್ತಿರ್ಲಿಲ್ಲ ಅಂತ. ಬಾಚಣಿಗೆ ತೊಳೀಲಿಕ್ಕೆ ಬೇಸಿನ್ ಕಡೆ ತಿರುಗಿದಳು. ನಳ್ಳಿ ಬಿಟ್ಟು ಮುಚ್ಚುವಷ್ಟೇ ಹೊತ್ತು. ತಿರುಗುವಾಗ ಕುರ್ಚಿ ಖಾಲಿ. ಬಾಗಿಲು ಹಾಕಿದ ಹಾಗೇ ಉಂಟು. ಟಕ್ ಇಲ್ಲ, ಸರ್ರ್ ಇಲ್ಲ. ಪಾಪ, ಅವಳು ಆ ರಾತ್ರಿ ಮಲಗ್ಲಿಲ್ಲ.

ಬೆಳಿಗ್ಗೆ ಏಳಕ್ಕೆ ಕೆವಿನ್ ಫೈಲು ಹಿಡ್ಕೊಂಡು ಬಂದ. ಅದೇ ಕಾಗದದ ಇನ್ನೊಂದು ಪ್ರತಿ. ಮೂರೂ ಕಡೆ ಲೊರೇನ್ ಹ್ಯಾಸ್ಕೆಲ್ ಅಂತ ಸೈನ್ ಆಗಿತ್ತು, ನಿನ್ನೆ ಬೆಳಿಗ್ಗೆಯ ತಾರೀಕು. ಸಾಕ್ಷಿಯ ಜಾಗ ಮಾತ್ರ ಖಾಲಿ. ನೀವು ಕೂದಲು ಬಾಚುವಾಗ ಅವರು ಸೈನ್ ಮಾಡಿದ್ದು, ನೀವು ನೋಡಿದ್ದು, ಇಲ್ಲಿ ಹೆಸರು ಹಾಕಿ ಎವ್ಲಿನ್ ಬಾಯಿ, ಯಲ್ಲಾ, ನನಗೆ ಹೊತ್ತಿಲ್ಲ ಅಂದ.

ಮೇಡಂ ನಿನ್ನೆ ರಾತ್ರಿ ಬಂದು ಆಗುದಿಲ್ಲ ಅಂದಿದ್ದಾರೆ ಅಂತ ಎವ್ಲಿನಕ್ಕ ಆ ಕಾಗದ ತೋರಿಸಿದಳು. ಕೆವಿನ್ ಅವಳ ಮುಖವನ್ನೇ ನೋಡಿದ. ಮೇಡಂ ನಿನ್ನೆ ನಾಲ್ಕಕ್ಕೇ ತೀರಿಹೋದ್ರು, ಚಂದು ನಿಮಗೆ ಹೇಳ್ಲಿಲ್ವಾ ಅಂದ. ಹೇಳಿದ್ದಾನೆ, ಆಫ್ ಅಂತ, ಅಂತ ಬಾಯಲ್ಲಿ ಬಂತು ಅವಳಿಗೆ... ಬಂದಾಗಲೇ ತಿಳಿದದ್ದು ಯಾವ ಆಫ್ ಅಂತ. ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಮೇಡಂ ಕೂತ ಕುರ್ಚಿಯಲ್ಲೇ ಕೂತುಬಿಟ್ಟಳು.

ಅಷ್ಟರಲ್ಲಿ ಕೆವಿನ್ ಆ ನೋ ಬರೆದ ಕಾಗದವನ್ನು ಚರ್ರ್ ಅಂತ ಹರಿದು ಕಿಸೆಗೆ ಹಾಕಿದ. ನಿಮಗೆ ತಲೆ ಕೆಟ್ಟಿದೆ, ಸೈನ್ ಹಾಕಿ, ಇಲ್ಲದಿದ್ರೆ ವೀಸಾ ಖಲಾಸ್ ಅಂತ ಪೆನ್ನು ಮುಂದಕ್ಕೆ ಹಿಡಿದ. ಆ ಹರಿದ ಸ್ವರ ಕೇಳಿದ್ದೇ, ಎವ್ಲಿನಕ್ಕನ ಹೆದರಿಕೆ ಎಲ್ಲಿಗೆ ಹೋಯ್ತೋ. ಎದ್ದು ನಿಂತಳು. ಜೀವಮಾನದಲ್ಲಿ ಯಾರಿಗೂ ಎದುರು ಮಾತಾಡಿದವಳಲ್ಲ ಅವಳು, ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ.

"ಸತ್ತವಳೇ ಒಪ್ಪಲಿಲ್ಲ," ಅಂದಳು. "ಬದುಕಿದ್ದುಕೊಂಡು ನಾನು ಹೇಗೆ ಒಪ್ಪುದು?"

ಭೇಷ್ ನನ್ನಕ್ಕ!

ಕೆವಿನ್ ಬಿಡ್ತಾನಾ. ಯಾರೂ ಬರ್ಲಿಲ್ಲ ಅಂತ ಈಗಲೇ ತೋರಿಸ್ತೇನೆ, ಬನ್ನಿ ಅಂತ ಅವಳನ್ನು ಗೇಟಿಗೆ ಕರ್ಕೊಂಡು ಹೋದ. ಅಲ್ಲಿ ರಾತ್ರಿ ಶಿಫ್ಟಿನ ನೇಪಾಳದ ಗಾರ್ಡ್, ಹಗಲು ಬರುವ ಮೇಡಂನ ಮುಖ ನೋಡಿದವನಲ್ಲ. ಹೊರಗಿನವರು ಯಾರು ಬಂದ್ರೂ ರಿಜಿಸ್ಟರಿನಲ್ಲಿ ಬರೀಬೇಕು. ಗಾರ್ಡ್ ಪುಟ ತಿರುಗಿಸಿದ. ಹನ್ನೆರಡು ನಲ್ವತ್ತು, ವಿಸಿಟರ್, ವಾಂಡಾ ಪೊಲಾಸ್ಕಿ. ಎದುರಲ್ಲಿ ಸೈನ್. ಈ ಅಕ್ಕನ ಹಿಂದೆಯೇ ಒಬ್ಬರು ಬಿಳಿ ಕೂದಲಿನ ಹೆಂಗಸು ಬಂದ್ರು, ಕಾಲು ನೋವಿತ್ತು, ಪೆನ್ನು ಕೇಳಿ ಅವರೇ ಬರೆದ್ರು ಅಂದ ಗಾರ್ಡ್.

ಕೆವಿನ್ ಆ ಅಕ್ಷರ ನೋಡ್ತಾ ನಿಂತ. ಇಡೀ ರಾತ್ರಿ ಕೂತು ಆ ಕೈಬರಹ ನಕಲು ಮಾಡಿದವನಲ್ವಾ ಅವನು, ಅವನಿಗೆ ಗೊತ್ತಾಗದೆ ಯಾರಿಗೆ ಗೊತ್ತಾಗ್ಬೇಕು. ಫೈಲು ಕಂಕುಳಲ್ಲಿ ಇಟ್ಕೊಂಡು ಕಾರಿನ ಕಡೆ ಹೋದ. ಆ ನಕಲಿ ಸೈನಿನ ಕಾಗದವನ್ನು ಮತ್ತೆ ಯಾರೂ ನೋಡ್ಲಿಲ್ಲ.

ವೀಸಾ ಹೋಯ್ತು, ಅದು ಹೋಗುದೇ. ಮೂವತ್ತಕ್ಕೆ ಎವ್ಲಿನಕ್ಕ ವಿಮಾನ ಹತ್ತಿದಳು. ಈಗ ಕಿನ್ನಿಗೋಳಿಯಲ್ಲಿ ಪುನಃ ಪಾರ್ಲರ್ ಹಾಕಿದ್ದಾಳೆ, ಮಕ್ಕಳು ಹೇಗೋ ಓದ್ತಿದ್ದಾರೆ. ಬೇಜಾರುಂಟಾ ಕೇಳಿದ್ದಕ್ಕೆ, ಎಂತಕ್ಕೆ ಬೇಜಾರು ಅಂತ ನನಗೇ ಬೈದಳು. ಸಿನಿಮಾ ಬಂತು. ಪ್ರಾಯದ ಕಾಲಕ್ಕೆ ಬೇರೆ ಹುಡುಗಿಯೊಬ್ಬಳು ಅವಳದ್ದೇ ಮುಖದಲ್ಲಿ ಮಾಡಿದ್ದಾಳೆ. ಮೇಡಂ ಬಿಳಿ ಕೂದಲಲ್ಲಿ ಇರುವಷ್ಟು ಹೊತ್ತು ಇದ್ದಾರೆ, ಮತ್ತೆ ಇಲ್ಲ.

ನಗಬೇಡ ಪ್ರಾರ್ಥನಾ. ಇದು ಆದದ್ದು. ದೇವರಾಣೆ ಆದದ್ದು. ಹೋದ ತಿಂಗಳು ಚಂದು ಆ ಗೇಟಿಗೆ ಹೋಗಿ ಬಂದಿದ್ದಾನೆ. ವಿಲ್ಲಾ ಈಗ ಬೇರೆ ಕಂಪನಿಯವರದ್ದು, ಗಾರ್ಡ್ ಮಾತ್ರ ಅದೇ ನೇಪಾಳದವ. ಆ ಪುಟದಲ್ಲಿ ಹೊರಗೆ ಹೋದ ಟೈಮ್ ಬರೆಯುವ ಜಾಗ ಖಾಲಿ ಉಂಟಂತೆ, ಅವರು ಹೊರಗೆ ಹೋದದ್ದನ್ನು ತಾನು ನೋಡ್ಲಿಲ್ಲ, ನೋಡದ್ದನ್ನು ಬರೀಲಿಕ್ಕಾಗುದಿಲ್ಲ ಅಂತಾನಂತೆ. ಅದಕ್ಕೆ ದಿನಾ ಬೆಳಿಗ್ಗೆ ಶಿಫ್ಟ್ ಬದಲಾಗುವಾಗ ಹಗಲಿನವನಿಗೆ ಒಂದೇ ಸಾಲು ಬರೆದು ಕೊಡುದು: ಒಳಗೆ ಇರುವ ವಿಸಿಟರ್, ಒಬ್ಬರು.