ಬೆಳಿಗ್ಗೆ ಮಾತ್ರ ಕೆಮ್ಮುವ ಕಾರು

ಡಿಸೆಂಬರಿನ ಚಳಿ. ಅರಸೀಕೆರೆ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ಇಂದುವಿನ ಮುಂದೆ ಇಬ್ಬರು ಜಗಳಕ್ಕೆ ನಿಂತಿದ್ದರು: ಹಳೆಯ ಸ್ಪೋರ್ಟ್ಸ್ ಕಾರಿನ ಒಡೆಯ ಶಶಿಕಿರಣ್, ಮೆಕ್ಯಾನಿಕ್ ಉಗ್ರಪ್ಪ.

“ಬೆಂಗಳೂರಿಂದ ಬೇರೆಯವನನ್ನ ಕರ್ಕೊಂಡು ಬರ್ತೀನಿ. ಎರಡು ಕಾರ್ಬುರೇಟರ್ ಸಮ ಮಾಡೋಕೂ ನಿನ್ನ ಕೈಲಿ ಆಗಲ್ಲ.”

“ಮಧ್ಯಾಹ್ನ ನೆಟ್ಟಗೆ ಓಡ್ತೈತಲ್ಲ, ಸಾವ್ಕಾರ್ರೇ?”

“ಬೆಳಿಗ್ಗೆ ಕೆಮ್ಮುತ್ತೆ! ನಾಳೆ ಬೇಲೂರಲ್ಲಿ ಹಳೇ ಕಾರುಗಳ ರ‍್ಯಾಲಿ ಹೊರಡೋದು ಬೆಳಿಗ್ಗೆ ಆರಕ್ಕೆ. ಅಲ್ಲಿ ನಿಂತುಹೋದ್ರೆ, ನಿನ್ನ ಶೆಡ್‌ಗೆ ಯಾರೂ ಗಾಡಿ ತರದ ಹಾಗೆ ಮಾಡ್ತೀನಿ.”

“ರಬ್ಬರ್ ಪೈಪು ಕಿವಿಗಿಟ್ಟು ಎರಡರ ಉಸಿರೂ ಸಮ ಮಾಡಿ ಕೊಟ್ಟಿದ್ದೆ. ಆಮ್ಯಾಕೆ ಯಾರು ಕೈ ಹಾಕಿದ್ರು?”

“ಯಾರೂ ಇಲ್ಲ. ಒಂದರ ಪಿಸ್ಟನ್ ಹದವಾಗಿ ಏರಿಳಿಯೋಕೆ ಹಾಕೋ ಎಣ್ಣೆ ಇಳಿದಿತ್ತು, ನಾನೇ ಹಾಕ್ದೆ.”

“ಯಾವ ಎಣ್ಣೆ?”

“ನಮ್ಮ ಮಿಲ್ಲಿನದೇ. ಶುದ್ಧ ಕೊಬ್ಬರಿ ಎಣ್ಣೆ.”

ಉಗ್ರಪ್ಪ ಸಾಲಿಗೆಲ್ಲ ಕೇಳುವಂತೆ ನಕ್ಕ.

“ಮೂರು ತಲೆಮಾರಿಂದ ಕೊಬ್ಬರಿ ವ್ಯಾಪಾರ! ಚಳೀಲಿ ಆ ಎಣ್ಣೆ ಗಟ್ಟಿ ಆಯ್ತೈತೆ ಅಂತ ಬಾಟ್ಲಿ ಬಿಸಿಲಿಗಿಡೋ ನಿಮ್ಮನೆ ಹೆಣ್ಮಕ್ಕಳನ್ನಾದ್ರೂ ಕೇಳಬಾರದಾ? ಒಂದ್ರ ಪಿಸ್ಟನ್ ಆ ಹೆಪ್ಪಲ್ಲಿ ಸಿಕ್ಕಿ ಕೂತ್ರೆ ಇನ್ನೊಂದ್ರ ಜೊತೆ ಹೆಂಗ್ರೀ ಸಮ ಆಯ್ತೈತೆ?”

“ಎಲ್ಲಿಗ್ರೀ?” ಎಂದಿತು ಕಿಟಕಿಯೊಳಗಿನ ಧ್ವನಿ.

ಶಶಿಕಿರಣ್ ಸಾಲಿನಿಂದ ಈಚೆಗೆ ಬಂದ.

“ಬನ್ನಿ, ಉಗ್ರಪ್ಪನವರೇ.”

“ಬತ್ತೀನಿ. ಮೊದ್ಲು ಆ ಬಾಟ್ಲಿ ಅಡುಗೆಮನೆಗೆ ಕಳ್ಸಿ.”

ಇಂದು ಕಿಟಕಿಯ ಮುಂದಕ್ಕೆ ಸರಿದಳು.