ಬ್ರಯೋನಿ ಮಲಗಿದ್ದಾಳೆ

ಅಯ್ಯೋ, ಮೇಲಕ್ಕೆ ಯಾಕೆ ಸಿಸ್ಟರ್? ಬೇಡ ಬೇಡ, ಆ ಕಡಿದಾದ ಮೆಟ್ಟಿಲು ಹತ್ತೋ ಕಷ್ಟ ಯಾಕೆ ನಿಮಗೆ... ಮಗು ಇಲ್ಲೇ ಇದಾನಲ್ಲ, ನನ್ನ ತೋಳಲ್ಲೇ! ಬನ್ನಿ, ಅಡುಗೆಮನೆಗೇ ಬನ್ನಿ, ಅಲ್ಲಿ ಬೆಚ್ಚಗಿದೆ. ಕೋಟು ಆ ಕುರ್ಚಿ ಮೇಲೆ ಹಾಕಿ. ಅಲ್ಲ ಅಲ್ಲ, ಅದರ ಮೇಲೆ ಒದ್ದೆ ಬಟ್ಟೆ... ಈ ಕಡೆ. ಹಾಂ. ಮನೆ ಮಾತ್ರ ನೋಡ್ಬೇಡಿ, ಸಂತೆ ಆಗಿದೆ. ಅಂಗೈಯಗಲ ಮಗು, ಇಷ್ಟೊಂದು ಬಟ್ಟೆ ಎಲ್ಲಿಂದ ಹುಟ್ಟುತ್ತೆ ಅಂತೀನಿ!

ಬ್ರಯೋನಿ ಮಲಗಿದ್ದಾಳೆ. ಈಗ ತಾನೇ ನಿದ್ದೆ ಹತ್ತಿದೆ ನನ್ನ ಮಗಳಿಗೆ, ಪಾಪ. ಬಾಣಂತಿ ನಿದ್ದೆ ಕೆಡಿಸಬಾರದು ಅಂತ ನೀವೇ ತಾನೆ ಹೇಳೋರು?

ಹೂಂ, ಇವನ ತೂಕ ನೋಡಿ, ಧಾರಾಳವಾಗಿ ನೋಡಿ. ಏಯ್ ವಿಲ್ಫ್, ನೋಡೋ ಇಲ್ಲಿ, ನಿನ್ನ ನೋಡೋಕೆ ಅಂತ ಇಮೆಲ್ಡಾ ಸಿಸ್ಟರ್ ಬಂದಿದ್ದಾರೆ... ಆಹಾ, ಹೇಗೆ ಒದೀತಾನೆ! ಬಟ್ಟೆ ಬಿಚ್ಚಿದ್ರೆ ಸಾಕು, ಮೂಗಿನ ತುದೀಲಿ ಸಿಟ್ಟು. ಥೇಟ್ ನಮ್ಮ ಯಜಮಾನರೇ. ಅವರು ಹೋಗಿ ಎಷ್ಟೋ ವರ್ಷ ಆಯ್ತು, ಸಿಟ್ಟು ಮಾತ್ರ ಮೊಮ್ಮಗನಿಗೆ ಅಂತ ಎತ್ತಿಟ್ಟು ಹೋಗಿದ್ದಾರೆ... ಏನು, ಚೆನ್ನಾಗಿ ಏರಿದಾನಾ? ನೋಡಿ ಮತ್ತೆ! ಆ ತೊಡೆ ನೋಡಿ, ಬನ್ನು ಬನ್ನು! ಮಗು ಹೀಗಿದ್ರೆ ಮನೇಲಿ ಎಲ್ಲ ಸರಿಯಾಗಿದೆ ಅಂತಾನೇ ಅರ್ಥ. ಅಲ್ವಾ?

...ಅಲ್ವಾ ಸಿಸ್ಟರ್?

ಹೋಗ್ಲಿ, ಟೀ ಇಡ್ತೀನಿ. ಬೇಡ ಅನ್ಬೇಡಿ. ಇವನನ್ನ ಸ್ವಲ್ಪ ಹಿಡ್ಕೊಳ್ಳಿ... ಬೇಡ, ಇರ್ಲಿ, ನನಗೆ ಒಂದೇ ಕೈಲಿ ಅಭ್ಯಾಸ ಆಗಿದೆ. ಹಾಲು ಹಾಕ್ತೀನಿ, ಸಕ್ಕರೆ ಎಷ್ಟು? ಯಾಕೆ ನಗ್ತೀರಿ? ಓ, ಈ ಹೆಗಲು ನೋಡಿಯಾ! ನಗಿ ನಗಿ. ಥಾರ್ನ್‌ಶಾ ಕೌನ್ಸಿಲಿನ ಮಕ್ಕಳ ಆರೋಗ್ಯ ಸಮಿತಿ ಅಧ್ಯಕ್ಷೆ ಗ್ಲೆಂಡಾ ಆರ್ಮರಾಡ್, ಹೆಗಲ ತುಂಬ ಹಾಲು ಕಕ್ಕಿಸ್ಕೊಂಡು ನಿಂತಿದ್ದಾಳೆ! ಟೌನ್ ಹಾಲಿನಲ್ಲಿ ಇದೇ ಹೆಂಗಸನ್ನ ಕಂಡ್ರೆ ನಿಮ್ಮ ದೊಡ್ಡ ಸಾಹೇಬರಿಗೆ ಬೆವರು ಕಿತ್ತುಕೊಳ್ಳುತ್ತೆ, ಗೊತ್ತಾ? ಆ ಟ್ರಾಂಟರ್ ಮಹಾಶಯ. ನಿಜ ಹೇಳಿ, ಆಫೀಸಲ್ಲಿ ನನಗೆ ಏನಂತ ಅಡ್ಡಹೆಸರು ಇಟ್ಟಿದ್ದೀರಿ? ಏನೋ ಇದ್ದೇ ಇರುತ್ತೆ ಬಿಡಿ.

ಆವತ್ತಿನ ಸಭೆಗೆ ನೀವು ಬಂದಿರಲಿಲ್ಲ ಅಲ್ವಾ? ನೋಡ್ಬೇಕಿತ್ತು ರೀ! ಟ್ರಾಂಟರ್ ಪರದೆ ಮೇಲೆ ಬಣ್ಣದ ಚೌಕ ತೋರಿಸ್ತಾನೆ, ಒಂದೊಂದು ಮಗುವಿಗೆ ಒಂದು. ಹಸಿರು, ಹಸಿರು, ಎಲ್ಲ ಹಸಿರು, ಹೊಲ ಬೆಳೆದು ನಿಂತ ಹಾಗೆ. 'ಊರಿನ ಪ್ರತಿಯೊಂದು ಹಸುಗೂಸನ್ನೂ ತಲುಪಿದ್ದೇವೆ ಮೇಡಂ' ಅಂದ. ಹೇಗಪ್ಪಾ ತಲುಪಿದ್ರಿ ಅಂದೆ. 'ಫೋನ್ ಮಾಡಿದ್ವಿ' ಅಂದ. ನನಗೆ ಎಲ್ಲಿತ್ತೋ ರೋಷ! 'ಅಲ್ಲಯ್ಯಾ, ಮಗು ತೂಕ ಹೇಗೆ ನೋಡಿದ್ರಿ? ತಕ್ಕಡೀಲಿ ಫೋನ್ ಇಟ್ರಾ?' ಅಂದೆ. ಇಡೀ ಸಭೆ ಘೊಳ್ಳಂತ ನಕ್ಕುಬಿಡ್ತು. ವಿರೋಧ ಪಕ್ಷದ ಬಿಕರ್ಡೈಕ್ ಇದಾನಲ್ಲ, ಬಂದು ಕೂತ ಕೂಡ್ಲೇ ಗೊರಕೆ ಶುರು ಮಾಡೋನು, ಅವನಿಗೂ ಎಚ್ಚರ ಆಯ್ತು!

ಆಮೇಲೆ ಒಂದು ಹುಡುಗಿ ಎದ್ದು ನಿಂತ್ಲು. ಕರ್ಸ್ಟಿ ಅಂತ, ಹಳೇ ಗಿರಣಿ ಹಿಂದೆ ಬಡವರಿಗೆ ಅಂತ ಕೌನ್ಸಿಲ್ ಕಟ್ಟಿಸಿದ ಮನೆಗಳಲ್ಲಿರೋದು. ಮಗೂನ ತಳ್ಳುಗಾಡೀಲಿ ಇಟ್ಕೊಂಡೇ ಬಂದಿದ್ಲು. 'ಫೋನ್ ಬಂತು. ಹೇಗಿದ್ದೀಯಮ್ಮಾ ಅಂದ್ರು. ಚೆನ್ನಾಗಿದ್ದೀನಿ ಅಂದೆ. ನಾನು ಬಚ್ಚಲಮನೇಲಿ ಚಿಲಕ ಹಾಕ್ಕೊಂಡು ನೆಲದ ಮೇಲೆ ಕೂತಿದ್ದೀನಿ ಅಂತ ಫೋನಿಗೆ ಹೇಗೆ ಗೊತ್ತಾಗ್ಬೇಕು?' ಅಷ್ಟೇ ಹೇಳಿದ್ದು. ಕೂತ್ಕೊಂಡ್ಲು. ಟ್ರಾಂಟರ್ ಹಸಿರು ಚೌಕ ಹಾಗೇ ಪರದೆ ಮೇಲೆ ನಿಂತಿತ್ತು, ಆರಿಸೋಕೂ ತೋಚಲಿಲ್ಲ ಅವನಿಗೆ.

ಸರಿ, ಪಟ್ಟು ಹಿಡಿದೆ. ಮನೆಗೇ ಹೋಗ್ಬೇಕು, ಬಾಗಿಲು ತಟ್ಬೇಕು, ತಾಯಿ ಮುಖ ನೋಡ್ಬೇಕು, ಅಲ್ಲೀವರೆಗೂ ನಿಮ್ಮನ್ನ ಬಿಡಲ್ಲ ಅಂದೆ. ಪತ್ರಿಕೇಲಿ ನನ್ನ ಫೋಟೋ ಬಂತು. ಮಾರ್ಕೆಟ್ಟಿನಲ್ಲಿ ಮೀನಿನವನು ದುಡ್ಡು ಬೇಡ ಅಂದ! ಈಗ ನೀವು ನನ್ನ ಅಡುಗೆಮನೇಲಿ ಕೂತಿದ್ದೀರಲ್ಲ, ಇದು ಯಾರ ಪ್ರತಾಪ ಅಂದ್ಕೊಂಡ್ರಿ? ನಂದೇ. ನಾನೇ ನಿಮ್ಮನ್ನ ಇಲ್ಲಿಗೆ...

ಹೌದು. ನಾನೇ ಕರೆಸಿದ ಹಾಗಾಯ್ತು.

ಬಿಸ್ಕತ್ತು ತಗೊಳ್ಳಿ. ಯಾಕೆ ಮೇಲೆ ನೋಡ್ತೀರಿ? ಅದು ನೀರಿನ ಪೈಪು. ಹಳೇ ಮನೆ, ಒಂದೊಂದು ಸಲ ಹಾಗೇ ಗೊಣಗುತ್ತೆ. ಸ್ನಾನ ಮುಗಿಸೋವರೆಗೂ ಅದರ ರಗಳೆ ಇದ್ದದ್ದೇ. ಅವಳಿಗೆ ಬಿಸಿನೀರು ಅಂದ್ರೆ ಮೊದಲಿಂದಲೂ ಹುಚ್ಚು, ಒಂದು ಸಲ ತೊಟ್ಟಿಗೆ ಇಳಿದ್ಲು ಅಂದ್ರೆ...

ಏನು? ಮಲಗಿದ್ದಾಳೆ ಅಂದಿದ್ನಾ? ಹೌದು... ಮಲಗಿದ್ಲು. ಎದ್ದಿರ್ಬೇಕು. ಎದ್ದು ಸ್ನಾನಕ್ಕೆ... ಅಯ್ಯೋ ನೀವೊಬ್ರು, ಪೊಲೀಸರ ಹಾಗೆ ಮಾತು ಹಿಡೀತೀರಲ್ಲ! ವಯಸ್ಸಾಯ್ತು ಸಿಸ್ಟರ್, ನಿದ್ದೆ ಇಲ್ಲ, ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳ್ತೀನಿ. ರಾತ್ರಿಯೆಲ್ಲ ಇವನನ್ನ ಎತ್ಕೊಂಡು ತಿರುಗೋದು ನಾನೇ ಅಲ್ವಾ... ಅಂದ್ರೆ ಒಂದೊಂದು ರಾತ್ರಿ. ಅವಳೂ ಎತ್ಕೋತಾಳೆ. ಎತ್ಕೊಳ್ಳದೆ ಇರ್ತಾಳಾ, ಹೆತ್ತ ತಾಯಿ!

ಅವಳ ಗಂಡ ಡೀನ್ ಇದ್ದಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ. ಸಮುದ್ರದಲ್ಲಿ ಕರೆಂಟಿನ ಗಾಳಿಯಂತ್ರ ನೆಡೋ ಕೆಲಸ ಅವನದು, ಹೋದ್ರೆ ವಾರಗಟ್ಟಲೆ ದಡ ಕಾಣಲ್ಲ. ಒಳ್ಳೇ ಹುಡುಗ. ಸಂಜೆ ಫೋನ್ ಮಾಡ್ತಾನೆ. 'ಅತ್ತೆ, ಬ್ರಯೋನಿಗೆ ಕೊಡಿ' ಅಂತಾನೆ. ಹಾಲು ಕುಡಿಸ್ತಿದ್ದಾಳೆ ಅಂತೀನಿ. ಪಾಪ, ನಂಬ್ತಾನೆ... ಅಲ್ಲ, ನಂಬೋದೇನು ಬಂತು, ನಿಜವೇ ತಾನೇ!

ಯಾಕೆ ಸುಮ್ನೆ ಕೂತಿದ್ದೀರಿ? ಏನಾದ್ರೂ ಕೇಳಿ. ಕೇಳೋಕೆ ತಾನೆ ಬಂದಿರೋದು? ಮಗು ಮೂತ್ರ ಸರಿಯಾಗಿ ಮಾಡುತ್ತಾ, ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ, ಹೊಗೆ ಬಂದ್ರೆ ಕೂಗೋ ಯಂತ್ರ ಕೆಲಸ ಮಾಡುತ್ತಾ... ಎಲ್ಲಕ್ಕೂ ಉತ್ತರ ಇದೆ ನನ್ನ ಹತ್ರ! ಆ ಪ್ರಶ್ನೆಗಳನ್ನ ಒಂದೊಂದಾಗಿ ಓದಿ ಒಪ್ಪಿಗೆ ಕೊಟ್ಟಿದ್ದೇ ನಮ್ಮ ಸಮಿತಿ.

ನೋಡಿ ಸಿಸ್ಟರ್, ಒಂದು ಮಾತು. ನಾವಿಬ್ರೂ ದೊಡ್ಡೋರು. ಮಗು ನೋಡಿದ್ರಿ, ಗುಂಡುಗುಂಡಾಗಿದೆ. 'ತಾಯೀನೂ ನೋಡಿದೆ, ಚೆನ್ನಾಗಿದ್ದಾಳೆ' ಅಂತ ನೀವು ಹೇಳ್ಬಿಟ್ರೆ ಯಾರ ಗಂಟೇನು ಹೋಗುತ್ತೆ? ಹೋದ ವರ್ಷ ನಿಮ್ಮಲ್ಲಿ ಅರ್ಧ ಜನರನ್ನ ಕೆಲಸದಿಂದ ತೆಗೀಬೇಕು ಅಂತ ಕೌನ್ಸಿಲಲ್ಲಿ ಅಂತಿದ್ರಲ್ಲ, ಆವಾಗ ಮೇಜು ಗುದ್ದಿದ್ದು ಯಾರು? ನಾನು ಬಾಯಿ ಬಿಡದೆ ಇದ್ದಿದ್ರೆ ನೀವು ಇವತ್ತು ಈ ಕೆಲಸದಲ್ಲೇ...

...ಇಲ್ಲ. ಬೇಡ. ಛೆ! ನಾನು ಹಾಗೆ ಅನ್ನಬಾರದಿತ್ತು. ಅದನ್ನ ಕೇಳಿಸ್ಕೊಳ್ಳಲಿಲ್ಲ ಅಂತ ಅಂದ್ಕೊಳ್ಳಿ.

ಟೀ ಯಾಕೆ ಪಕ್ಕಕ್ಕಿಟ್ರಿ? ಆರಿಹೋಯ್ತಾ? ಬೇರೆ ಮಾಡಿಕೊಡ್ತೀನಿ... ಕೂತ್ಕೊಳ್ಲಾ? ಸರಿ. ಕೂತೆ. ಕೂತೆ ನೋಡಿ. ಈಗ ಏನು?

ಹಾಗೆ ನೋಡ್ಬೇಡಿ ನನ್ನ. ಬಿಕರ್ಡೈಕ್ ನೋಡಿದ್ರೆ ತಡ್ಕೋತೀನಿ, ಟ್ರಾಂಟರ್ ನೋಡಿದ್ರೆ ತಿರುಗಿ ನೋಡ್ತೀನಿ. ನೀವು ಯಾಕೆ ಒಂದು ಮಾತೂ... ಬಾಗಿಲಲ್ಲಿ 'ನಾನು ಇಮೆಲ್ಡಾ' ಅಂದ್ರಲ್ಲ, ಮಾತಿನ ಆ ಐರಿಷ್ ರಾಗ... ಎಲ್ಲೋ ಕೇಳಿದ್ದೀನಿ ಅನ್ನಿಸ್ತು. ಆವಾಗಿಂದ ಒಳಗೇ ಕೊರೀತಿದೆ. ಈ ಊರಲ್ಲಿ ಆ ರಾಗ ಎಷ್ಟು ಜನಕ್ಕಿದೆ?

ಓ.

ನೀವೇನಾ?

ಹೆರಿಗೆ ಆಗಿ ಮನೆಗೆ ಬಂದ ಹೊಸದರಲ್ಲಿ... ಇನ್ನೂ ಮನೆಗೆ ಬರೋದು ಶುರು ಆಗಿರಲಿಲ್ಲವಲ್ಲ... ಆವಾಗ ಫೋನ್ ಮಾಡಿದ್ದು ನೀವೇನಾ? ಹೇಗಿದ್ದೀಯಮ್ಮಾ ಬ್ರಯೋನಿ, ಊಟ ಸೇರುತ್ತಾ, ಮನಸ್ಸಿಗೆ ಬೇಜಾರಾಗುತ್ತಾ ಅಂತ ಕೇಳಿದ್ದು...

ಹೌದು ಅನ್ನಿ. ಅಲ್ಲ ಅನ್ನಿ. ಏನಾದ್ರೂ ಅನ್ರೀ!

ಗೊತ್ತಾಗಿದೆ ನಿಮಗೆ. ಬಾಗಿಲು ತೆಗೆದು ನಾನು ಬಾಯಿ ಬಿಟ್ಟ ಕೂಡ್ಲೇ ಗೊತ್ತಾಗಿದೆ. 'ಬ್ರಯೋನಿನೇ ಮಾತಾಡ್ತಿರೋದು, ತುಂಬ ಚೆನ್ನಾಗಿದ್ದೀನಿ ಸಿಸ್ಟರ್, ಅಮ್ಮ ನೋಡ್ಕೋತಾರೆ' ಅಂದ ಆ ಧ್ವನಿ ಈ ಮುದುಕಿದು ಅಂತ. ಇಷ್ಟು ಹೊತ್ತು ಕೂತು ನನ್ನ ಶೌರ್ಯವೆಲ್ಲ ಕೇಳಿಸ್ಕೊಂಡ್ರಲ್ಲ... ತಕ್ಕಡೀಲಿ ಫೋನ್ ಇಟ್ರಾ ಅಂದೆ ಅಂತ ಹೇಳ್ಕೊಂಡಾಗಲೂ ಸುಮ್ನೇ ಇದ್ರಲ್ಲ!

ಅವಳು ಮಾತಾಡಲಿಲ್ಲ ಸಿಸ್ಟರ್. ಆವತ್ತು ಫೋನ್ ಅವಳ ಕಿವಿ ಹತ್ರಾನೇ ಹಿಡಿದೆ. ಗೋಡೆ ಕಡೆ ತಿರುಗಿಕೊಂಡ್ಲು. ಫೋನಿನ ಆ ಕಡೆಯಿಂದ ನೀವು ಹಲೋ ಹಲೋ ಅಂತಿದ್ರಿ. ನನ್ನ ಬಾಯಿಂದ ಅದು ಹೇಗೆ ಬಂತೋ! ಸುಮ್ನೆ ಬಂತು. ಅವಳು ಹೇಗೆ ಹೇಳ್ತಿದ್ಲೋ ಹಾಗೇ ಬಂತು. ಮೊದಲಿನ ಬ್ರಯೋನಿ ಆಗಿದ್ರೆ.

ಅದಕ್ಕೇ ಸಭೇಲಿ ಅಷ್ಟು ಜೋರು ಮಾಡಿದ್ದು. ಆ ಕರ್ಸ್ಟಿ ನಿಂತು ಹೇಳ್ತಿದ್ರೆ ನಾನು ಅವಳ ಮುಖ ನೋಡಲಾರದೆ ಮುಂದಿದ್ದ ಕಾಗದ ತಿರುವಿ ಹಾಕ್ತಿದ್ದೆ. ಫೋನಿಗೆ ಎಷ್ಟು ಸಲೀಸಾಗಿ ಸುಳ್ಳು ಹೇಳಬಹುದು ಅಂತ ಆ ಕೋಣೇಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಯಾರಾದ್ರೂ ಮನೆಗೆ ಬರಲಿ ಅಂತ ಒದ್ದಾಡಿದೆ. ನಮ್ಮ ಮನೆಗೂ ಬರಲಿ ಅಂತ. ಬಂದ್ರಿ... ಬಂದ್ರೆ ನಾನೇ ಮೆಟ್ಟಿಲಿಗೆ ಅಡ್ಡ ನಿಂತೆ. ಇದೆಂಥ ಬುದ್ಧಿ ಹೇಳಿ?

ಎಷ್ಟು ದಿನದಿಂದ ಅಂತಾನಾ? ಲೆಕ್ಕ ಇಟ್ಟಿಲ್ಲ ನಾನು. ಆಸ್ಪತ್ರೆಯಿಂದ ಬಂದಾಗ ಅಳ್ತಿದ್ಲು. ಅಳಲಿ ಬಿಡು, ಎಲ್ಲರೂ ಅಳ್ತಾರೆ, ನಾನೂ ಅತ್ತಿದ್ದೆ ಅಂದೆ. ಆಮೇಲೆ ಅಳೋದೂ ನಿಂತುಹೋಯ್ತು. ಅದು ಇನ್ನೂ... ನಾಟಕದ ಕಾಲೇಜಿಗೆ ಹೋದ ಹುಡುಗಿ ಸಿಸ್ಟರ್, ಅವಳು ಮನೇಲಿದ್ರೆ ಗೋಡೆಗೂ ಮಾತು ಬರ್ತಿತ್ತು! ಭಾನುವಾರ ಮಗೂನ ಅವಳ ಪಕ್ಕ ಮಲಗಿಸಿ ಕೆಳಗೆ ಬರೋಕೆ ಹೊರಟೆ. ಕೈ ಹಿಡ್ಕೊಂಡ್ಲು. 'ಅಮ್ಮಾ, ಇವನನ್ನ ನನ್ನ ಹತ್ರ ಒಂಟಿಯಾಗಿ ಬಿಡಬೇಡ' ಅಂದ್ಲು. ಯಾಕೆ ಪುಟ್ಟಾ ಅಂದೆ. 'ನನಗೆ ಹೆದರಿಕೆ ಆಗುತ್ತೆ.' ಏನಕ್ಕೆ ಹೆದರಿಕೆ ಅಂದೆ. 'ನನ್ನನ್ನ ಕಂಡ್ರೇ ನನಗೆ ಹೆದರಿಕೆ' ಅಂದ್ಲು.

ಅಷ್ಟೇ. ಆಮೇಲೆ ಮಾತಿಲ್ಲ.

ಬಚ್ಚಲಿನ ಕಪಾಟಲ್ಲಿದ್ದ ಮಾತ್ರೆಯೆಲ್ಲ ತೆಗೆದು ನನ್ನ ಕಾರಿನಲ್ಲಿಟ್ಟು ಬೀಗ ಹಾಕಿದ್ದೀನಿ. ಬಚ್ಚಲ ಚಿಲಕ ಬಿಚ್ಚಿ ಹಾಕಿದ್ದೀನಿ. ಬುದ್ಧಿ ಇಲ್ಲದೆ ಅಲ್ಲ ಸಿಸ್ಟರ್. ಎಲ್ಲ ಗೊತ್ತಿತ್ತು ನನಗೆ! ಯಾರಿಗೆ ಹೇಳ್ಬೇಕು, ಯಾವ ನಂಬರಿಗೆ ಫೋನ್ ಮಾಡ್ಬೇಕು, ಎಲ್ಲ ಗೊತ್ತು.

ಮತ್ತೆ ಯಾಕೆ ಹೇಳಲಿಲ್ಲ, ಚುನಾವಣೆ ಅಂತಾನಾ? ಮೇ ತಿಂಗಳಲ್ಲಿದೆ, ನಿಜ. 'ಹೇಳೋದು ಆಚಾರ, ತಿನ್ನೋದು ಬದನೆಕಾಯಿ' ಅಂತ ಬಿಕರ್ಡೈಕ್ ಊರೆಲ್ಲ ಡಂಗುರ ಹೊಡೀತಾನೆ. ಹೊಡ್ಕೊಳ್ಳಲಿ! ಅದಲ್ಲ. ನಾನು ಆ ಕೋಣೇಲಿ ಕೂತಿದ್ದೀನಿ ಸಿಸ್ಟರ್, ತಾಯಿ ಕೈಲಿ ನೋಡ್ಕೊಳ್ಳೋಕಾಗದ ಮಕ್ಕಳ ಬಗ್ಗೆ ಬಾಗಿಲು ಮುಚ್ಚಿ ನಡೆಯೋ ಸಭೇಲಿ. ಅಲ್ಲಿ ಮಕ್ಕಳಿಗೆ ಹೆಸರಿರಲ್ಲ. ಮಗು 'ಅ', ತಾಯಿ 'ಅ'. ಮಗು 'ಕ', ತಾಯಿ 'ಕ'. ಮಗೂನ ತಾಯಿಯಿಂದ ತೆಗೆದು ಬೇರೆ ಕಡೆ ಇರಿಸಲಾಗಿದೆ ಅಂತ ಓದ್ತಾರೆ. ಸರಿ ಅಂತ ತಲೆ ಆಡಿಸಿ, ಟೀ ಕುಡಿದು, ಮುಂದಿನದಕ್ಕೆ ಹೋಗ್ತೀವಿ. ನನ್ನ ಬ್ರಯೋನಿ ಒಂದು ಅಕ್ಷರ ಆಗ್ಬಿಡ್ತಾಳೆ ಅಂತ... ಇವನೂ... ಇವನ ಹೆಸರು ವಿಲ್ಫ್ರೆಡ್, ಅವಳೇ ಆರಿಸಿದ್ದು, ಹೊಟ್ಟೇಲಿರೋವಾಗ್ಲೇ. ಹೊಟ್ಟೆ ತಟ್ಟಿ ತಟ್ಟಿ ಕರೀತಿದ್ಲು.

ಕಿತ್ಕೊಳ್ತೀರಾ ಇವನನ್ನ?

...

ತಲೆ ಅಲ್ಲಾಡಿಸಿದ್ರಾ? ಇಲ್ಲ ಅಂತ ತಾನೇ? ಇನ್ನೊಂದು ಸಲ ಅಲ್ಲಾಡಿಸಿ. ನನ್ನ ಕಣ್ಣು ಮಂಜಾಗಿದೆ, ಸರಿಯಾಗಿ ಕಾಣಲಿಲ್ಲ.

ಹಾಂ.

ಅವಳಿಗೆ ವಾಸಿಯಾಗುತ್ತೆ ಅಲ್ವಾ? ಆಗೋರನ್ನ ನೋಡಿದ್ದೀರಿ ಅಲ್ವಾ ನೀವು?... ಹಾಗಾದ್ರೆ ಯಾಕೆ ನಾನು... ಇರ್ಲಿ. ಇರ್ಲಿ ಬಿಡಿ, ನನ್ನ ಸಮಾಧಾನ ಆಮೇಲೆ ಮಾಡುವಿರಂತೆ. ಇಲ್ಲಿ ಕೂತು ನನ್ನ ಕೈ ಯಾಕೆ ಹಿಡ್ಕೊಂಡಿದ್ದೀರಿ, ಹೋಗಿ! ಮೇಲೆ, ಎರಡನೇ ಬಾಗಿಲು. ಬಚ್ಚಲಿಂದ ಬಂದಿರ್ತಾಳೆ, ಮಂಚದ ಆ ಕಡೆ ನೆಲದ ಮೇಲೆ ಕೂತಿರ್ತಾಳೆ. ಕಿಟಕಿ ಪರದೆ ಸರಿಸಬೇಡಿ, ಬೆಳಕು ಬಿದ್ರೆ ಮುಖ ಮುಚ್ಕೋತಾಳೆ. ಕೌನ್ಸಿಲಿಂದ ಅನ್ನಬೇಡಿ, ಅಮ್ಮ ಕಳಿಸಿದ್ಲು ಅಂತ್ಲೂ ಅನ್ನಬೇಡಿ. ಅವಳನ್ನ ಏನಾದ್ರೂ ಕೇಳಿದ್ರೆ... ಉತ್ತರಕ್ಕೆ ಸ್ವಲ್ಪ ಕಾಯಿರಿ. ನಿಮಗೆ ಕಾಯೋದು ಗೊತ್ತಿದೆ.

ನಾನೂ ಬರ್ಲಾ?

ಬೇಡ್ವಾ.

ಸರಿ. ಇವನನ್ನ ಇಟ್ಕೊಂಡು ಇಲ್ಲೇ ಇರ್ತೀನಿ. ಹೋಗಿ ಸಿಸ್ಟರ್. ಅವಳೇ ಹೇಳಲಿ, ನಾನು ಮಾತಾಡಲ್ಲ.