ಸೇವಂತಿಗೆಯ ಬಣ್ಣ

ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲು ತೆರೆಯುವುದನ್ನೇ ಕಾಯುತ್ತಾ ಕುಳಿತಿದ್ದೆ. ಅದೇ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಅಕ್ಕ ಆಗಷ್ಟೇ ಬಸ್ಸಿಳಿದು ಬಂದಿದ್ದಳು; ಚೀಲ ಇನ್ನೂ ಮಡಿಲಲ್ಲೇ ಇತ್ತು.

“ಅಮ್ಮ ಮಾತಾಡ್ತಾಳಾ?” ಎಂದಳು ಅಕ್ಕ.

“ಒಂದೇ ಮಾತು. ಸೇವಂತಿಗೆ ಅರಳ್ತಾ ಅಂತ. ಯಾರೋ ಕೊಟ್ಟ ಹೊಸ ಗಿಡ. ಹೂವು ಯಾವ ಬಣ್ಣ ಅಂತ ಅವಳಿಗೂ ಗೊತ್ತಿಲ್ಲ.”

“ಅರಳಿದೆಯಾ?”

“ಮೊಗ್ಗೇ ಇಲ್ಲ ಕಣಕ್ಕಾ. ಸೊಂಟದೆತ್ತರ ಬರೀ ಎಲೆ. ನೀರು, ಗೊಬ್ಬರ ಯಾವುದಕ್ಕೂ ಕಡಿಮೆ ಮಾಡಿಲ್ಲ.”

“ಹಿತ್ತಲ ದೀಪ ರಾತ್ರಿ ಆರಿಸ್ತೀಯಾ?”

“ಇಲ್ಲ. ಅಮ್ಮ ಕತ್ತಲಲ್ಲಿ ಮುಗ್ಗರಿಸಿ ಬಿದ್ದಾಗಿಂದ ಬೆಳಗಿನ ತನಕ ಉರೀತಾನೇ ಇರುತ್ತೆ.”

“ಅದಕ್ಕೇ ಮತ್ತೆ. ಸೇವಂತಿಗೆಗೆ ರಾತ್ರಿಯಿಡೀ ಕತ್ತಲು ಬೇಕು ಕಣೇ. ಬೆಳಕು ಬಿದ್ರೆ ಮೊಗ್ಗು ಕಟ್ಟಲ್ಲ. ಅಮ್ಮನೇ ಹೇಳ್ತಿದ್ಲು.”

ತಂಗಿ ಅಂಗೈಯಿಂದ ಮೂಗೊರೆಸಿಕೊಂಡಳು.

“ಇವತ್ತಿಂದ ಆರಿಸ್ತೀನಿ. ಯಾವಾಗ ಅರಳುತ್ತೆ?”

“ಎರಡು ತಿಂಗಳಾದ್ರೂ ಬೇಕು. ಡಾಕ್ಟರ್ ಏನಂದ್ರು?”

“ಈ ವಾರ ಕಳೆದ್ರೆ ಹೆಚ್ಚು ಅಂದ್ರು.”

ಅಕ್ಕ ಮಡಿಲಲ್ಲಿದ್ದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನಿನ್ನೆ ಅರಳಿದೆ ಅಂತ ಹೇಳಿಬಿಟ್ಟೆ ಅಕ್ಕಾ. ಯಾವ ಬಣ್ಣ ಅಂದ್ಲು. ಅಷ್ಟರಲ್ಲಿ ನರ್ಸ್ ಹೊರಗೆ ಕಳಿಸಿದ್ರು.”

ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಬನ್ನಿ ಎಂದರು ನರ್ಸ್. ಅಕ್ಕ ಎದ್ದು ಚೀಲವನ್ನು ತಂಗಿಯ ಕೈಗೆ ಕೊಟ್ಟಳು.

“ನಾನು ಹಳದಿ ಅಂತೀನಿ.”

“ಅವಳಿಗೆ ಬಿಳಿ ಇಷ್ಟ ಕಣಕ್ಕಾ.”

“ಸರಿ, ಬಿಳಿ. ಆಮೇಲೆ ನೀನು ಹೋದಾಗ್ಲೂ ಬಿಳೀನೇ ಅನ್ಬೇಕು.”

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದಳು. ತಂಗಿ ಚೀಲ ಅವಚಿಕೊಂಡು ಬಾಗಿಲ ಬಳಿಗೆ ಹೋಗಿ ನಿಂತಳು.